ಲಾರಿ ಪಟ್ಟಿಯ ಕತ್ತಿ, ಬಿದಿರಿನ ಗಿಣ್ಣು

ತೋಟದ ಕೆಲಸಕ್ಕೆಂದು ಎರಡು ಕತ್ತಿ ತಂದೆ. ಒಂದು ಪೇಟೆಯ ಅಂಗಡಿಯ ಸ್ಟೇನ್‌ಲೆಸ್ ಸ್ಟೀಲಿನದು. ಇನ್ನೊಂದು ನಮ್ಮೂರಿನ ಕುಲುಮೆಯಲ್ಲಿ ಲಾರಿಯ ಸ್ಪ್ರಿಂಗ್ ಪಟ್ಟಿಯನ್ನು ಬಡಿದು ಮಾಡಿದ್ದು. ಬಾಳೆ ಕಡಿದು ಕತ್ತಿಯನ್ನು ಹೊಗಳುವವರನ್ನು ನಾನು ನಂಬುವುದಿಲ್ಲ. ಬಾಳೆಯನ್ನು ಯಾವ ಕತ್ತಿಯೂ ಕಡಿಯುತ್ತದೆ.

ನಿಜವಾದ ಪರೀಕ್ಷೆ ಒಣಗಿದ ಬಿದಿರಿನ ಗಿಣ್ಣು. ಬಿದಿರಿನ ಹೊರಪದರದಲ್ಲಿ ಸಿಲಿಕಾ ಇರುವುದರಿಂದ ಅಲಗು ಬೇಗ ಸವೆಯುತ್ತದೆ. ಅಂಗಡಿಯ ಕತ್ತಿಯ ಬಾಯಿ ಒಂದು ಬದಿಗೆ ಮಡಚಿಕೊಂಡಿತು. ಉಗುರನ್ನು ಅಡ್ಡಲಾಗಿ ಎಳೆದರೆ ಸಿಕ್ಕಿಕೊಳ್ಳುತ್ತಿತ್ತು. ಪಟ್ಟಿಯ ಕತ್ತಿ ತುಸು ಮೊಂಡಾಯಿತೇ ಹೊರತು ಚಕ್ಕೆ ಏಳಲಿಲ್ಲ, ಬಾಗಲೂ ಇಲ್ಲ. ಮಸೆಗಲ್ಲಿನ ಮೇಲೆ ನಾಲ್ಕಾರು ಸಲ ಆಡಿಸಿದ್ದೇ ತಡ, ಮತ್ತೆ ಕಾಗದ ಸೀಳಿತು.

ಗುಟ್ಟೆಲ್ಲ ಹದದಲ್ಲಿದೆ. ಕೆಂಪಗೆ ಕಾಸಿ ನೀರಿಗೋ ಎಣ್ಣೆಗೋ ಅದ್ದಿದ ಉಕ್ಕು ಗಟ್ಟಿಯಾಗುತ್ತದೆ, ಜೊತೆಗೆ ಪೆಡಸೂ ಆಗುತ್ತದೆ. ಅದನ್ನು ಮತ್ತೆ ಸುಮಾರು 200ರಿಂದ 300 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿ ಮಾಡಿದರೆ ಪೆಡಸು ಇಳಿಯುತ್ತದೆ. ಉಜ್ಜಿದ ಲೋಹದ ಮೇಲೆ ಒಣಹುಲ್ಲಿನ ಬಣ್ಣ ಮೂಡಿ ಕಂದಿಗೆ ತಿರುಗುವುದನ್ನು ಕಣ್ಣಳತೆಯಲ್ಲೇ ಹಿಡಿಯಬೇಕು.

ಪಟ್ಟಿಯ ಕತ್ತಿಯ ಮೇಲೆ ದೂರುಗಳೂ ಇವೆ. ತೂಕ ಹೆಚ್ಚು, ಹಿಡಿಯ ಮರ ಒರಟು. ಮಳೆಗಾಲದಲ್ಲಿ ಒರೆಸಿ ಎಣ್ಣೆ ಸವರದಿದ್ದರೆ ಬೆಳಗಾಗುವುದರೊಳಗೆ ತುಕ್ಕು. ಅಡುಗೆಮನೆಗೆ ಖಂಡಿತ ಬೇಡ. ಸೌದೆಗೆ, ಬೇಲಿ ಸವರಲು ಇದನ್ನೇ ಕೊಳ್ಳಿ. ಬೆನ್ನು ದಪ್ಪವಿದೆಯೇ, ಹಿಡಿಯೊಳಗಿನ ಕಬ್ಬಿಣ ತುದಿಯವರೆಗೂ ಹೋಗಿದೆಯೇ ಎಂದು ನೋಡಿಯೇ ದುಡ್ಡು ಕೊಡಿ.