ಹಳೆಯ ಪೈಪರ್ ಕಬ್: ಖರೀದಿಗೆ ಮುನ್ನ ಮಾಡಿಸಿದ ತಪಾಸಣೆ
ಒಹಾಯೋದಲ್ಲಿ ಮಾರಾಟಕ್ಕಿದ್ದ 1946ರ ಪೈಪರ್ ಜೆ-3 ಕಬ್ ವಿಮಾನವನ್ನು ಕೊಳ್ಳುವ ಮುನ್ನ, ಮಾರುವವರಿಗೆ ಯಾವ ಸಂಬಂಧವೂ ಇಲ್ಲದ ಮೆಕ್ಯಾನಿಕ್ ಒಬ್ಬರಿಂದ ತಪಾಸಣೆ ಮಾಡಿಸಿದೆ. ಕೊಟ್ಟ ಹಣಕ್ಕೆ ಮೋಸವಾಗಲಿಲ್ಲ. 65 ಅಶ್ವಶಕ್ತಿಯ ಕಾಂಟಿನೆಂಟಲ್ ಎಂಜಿನ್ನಿನ ಕಂಪ್ರೆಷನ್, ಅಂದರೆ ಸಿಲಿಂಡರುಗಳಲ್ಲಿ ಒತ್ತಡ ಎಷ್ಟು ನಿಲ್ಲುತ್ತದೆ ಎಂಬುದನ್ನು, ಅಳೆಯುವುದನ್ನು ಯಾರಾದರೂ ಮಾಡಿಯಾರು. ಇವರು ರೆಕ್ಕೆಗೆ ಆಸರೆಯಾದ ಸ್ಟ್ರಟ್‌ಗಳಲ್ಲಿ ನೀರಿಳಿದು ಒಳಗಿನಿಂದಲೇ ತುಕ್ಕು ಹಿಡಿಯುವ ಕೆಳತುದಿಯನ್ನು ಬಿಡದೆ ಪರೀಕ್ಷಿಸಿ, ಬಾಲದ ಬಳಿಯ ಉಕ್ಕಿನ ಕೊಳವೆಗಳನ್ನು ಮೊನೆಯಿಂದ ಒತ್ತಿ ನೋಡಿ, ವಿಮಾನದ ಮೈಗೆ ಹೊದಿಸಿದ ಬಟ್ಟೆಯ ಗಟ್ಟಿತನವನ್ನೂ ಅಳೆದರು. ಹಳದಿ ಬಣ್ಣ ಥಳಥಳಿಸುತ್ತಿದ್ದರೂ ಅದರಡಿಯ ಬಟ್ಟೆ ಸೋತಿತ್ತು. ಲಾಗ್‌ಬುಕ್ಕಿನಲ್ಲಿ ನಮೂದಾಗದ ರೆಕ್ಕೆಯ ದುರಸ್ತಿಯೊಂದನ್ನೂ ಪತ್ತೆಹಚ್ಚಿದರು. ವರದಿ ಮಾತ್ರ ತಡವಾಗಿ ಬಂತು, ಕೈಬರಹವಂತೂ ದೇವರಿಗೇ ಪ್ರೀತಿ. ಆದರೂ ಅದನ್ನು ಮುಂದಿಟ್ಟೇ ಬೆಲೆಯ ಮಾತುಕತೆ ನಡೆಸಿ, ಹೊಸ ಹೊದಿಕೆಯ ಖರ್ಚಿನ ಬಹುಪಾಲನ್ನು ಕಡಿತಗೊಳಿಸಿಕೊಂಡೆ.