ಸೂಪರ್‌ಮಾರ್ಕೆಟ್‌ನವರ ಸ್ವಂತ ಪ್ಯಾಕೆಟ್: ಮಡಿಕೇರಿಯಲ್ಲಿ ಮೂರು ಮಳೆಗಾಲ ಬಳಸಿದ ಮೇಲೆ

ನಮ್ಮದು ಐದು ಜನರ ಮನೆ. ಮೂರು ವರ್ಷದ ಹಿಂದೆ ದೊಡ್ಡ ಹೆಸರಿನ ಕಂಪನಿಗಳನ್ನು ಬಿಟ್ಟು, ಸೂಪರ್‌ಮಾರ್ಕೆಟ್‌ನವರೇ ಪ್ಯಾಕ್ ಮಾಡಿ ಮಾರುವ ಸಾಮಾನು ತರಲು ಶುರು ಮಾಡಿದೆವು. ತಿಂಗಳ ಬಿಲ್ಲು ಇಳಿದದ್ದು ನಿಜ. ಆದರೆ ಎಲ್ಲದರಲ್ಲೂ ಲಾಭ ಆಯ್ತು ಅಂತ ಹೇಳಲಾರೆ.

ಸಕ್ಕರೆಯಲ್ಲಿ ವ್ಯತ್ಯಾಸವೇ ಇಲ್ಲ. ತೊಗರಿಬೇಳೆ ಕುಕ್ಕರಿನಲ್ಲಿ ಒಂದು ಸೀಟಿ ಜಾಸ್ತಿ ಕೇಳುತ್ತದೆ, ಅಷ್ಟೇ. ಕಡಂಬುಟ್ಟಿನ (ಕೊಡಗಿನ ಅಕ್ಕಿ ತರಿಯ ಕಡುಬು) ತರಿ ಮಾತ್ರ ಮಿಲ್ಲಿನಿಂದಲೇ ಬರಬೇಕು ಅನ್ನೋದು ಅತ್ತೆಯ ಹಟ. ಅದರಲ್ಲಿ ನಾನು ಬಾಯಿ ಹಾಕಲ್ಲ.

ಉಪ್ಪಿನ ಕಥೆ ಬೇರೆ. ಅಯೋಡಿನ್ ನಿಯಮ ಎಲ್ಲರಿಗೂ ಒಂದೇ, ಅಂಗಡಿಯಲ್ಲಿರುವ ಉಪ್ಪಿನಲ್ಲಿ ಕನಿಷ್ಠ 15 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗಕ್ಕೆ 15 ಭಾಗ, ಇರಬೇಕು. ಮತ್ತೆ ಹೆಸರಿಗೆ ಯಾಕೆ ದುಡ್ಡು ಅಂತ ಅಗ್ಗದ್ದೇ ತಂದೆ. ಬೇಸಿಗೆಯಲ್ಲಿ ಚೆನ್ನಾಗಿತ್ತು. ಜುಲೈನಲ್ಲಿ ವಾರಗಟ್ಟಲೆ ಬಿಸಿಲು ಕಾಣದಾಗ ಡಬ್ಬಿಯಲ್ಲಿ ಕಲ್ಲಾಗಿ ಕೂತಿತು. ಕೆರೆಯಲು ಹೋಗಿ ಚಮಚ ಬಗ್ಗಿತು. ಈಗ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉದುರುದುರಾಗಿರುವ ದುಬಾರಿ ಉಪ್ಪು, ಆಮೇಲೆ ಮತ್ತೆ ಅಗ್ಗದ್ದು.

ಫಿನಾಯಿಲ್, ಪಾತ್ರೆ ಸೋಪು ಅಗ್ಗದ್ದೇ ಸಾಕು. ಮೈ ಸೋಪಿನಲ್ಲಿ ಎಡವಿದ್ದು ನಾನೇ. ಹೊದಿಕೆಯ ಹಿಂದೆ ಟಿಎಫ್‌ಎಂ ಅಂತ ಒಂದು ಅಂಕೆ ಇರುತ್ತದೆ, ಸೋಪಿನಲ್ಲಿರುವ ಕೊಬ್ಬಿನ ಅಂಶದ ಲೆಕ್ಕ ಅದು. ಕನಿಷ್ಠ 76 ಇದ್ದರೆ ಮೊದಲ ದರ್ಜೆ, 70 ಇದ್ದರೆ ಎರಡನೆಯದು, 60 ಇದ್ದರೆ ಮೂರನೆಯದು. ನಾನು ನೋಡದೆ ತಂದಿದ್ದು ‘ಬಾತಿಂಗ್ ಬಾರ್’, ಅಂದರೆ ಸೋಪಿನಂತೆ ಕಂಡರೂ ಸಾಮಾನ್ಯವಾಗಿ ಕೊಬ್ಬಿನ ಅಂಶ ಕಡಿಮೆ ಇರುವ ಬಿಲ್ಲೆ. ಅದು ಈ ದರ್ಜೆಗಳಿಗೆ ಸೇರೋದೇ ಇಲ್ಲ. ನಮ್ಮ ಬಚ್ಚಲಲ್ಲಿ ಎರಡೇ ವಾರಕ್ಕೆ ಅಂಬಲಿ ಆಯ್ತು. ಹಾಗಂತ ದುಬಾರಿಯದೆಲ್ಲ ಸೋಪು ಅಂದುಕೊಳ್ಳಬೇಡಿ, ಅವುಗಳಲ್ಲೂ ಬಾತಿಂಗ್ ಬಾರ್ ಇವೆ. ತಿರುಗಿಸಿ ಓದಿ.

ಕಾಫಿ ಪುಡಿ ವಿಷಯ ಹೇಳೋಕೆ ನಾಚಿಕೆ. ಸುತ್ತ ಕಾಫಿ ತೋಟ ಇರುವ ಊರಲ್ಲಿದ್ದು ಆಫರ್ ಇದೆ ಅಂತ ಪ್ಯಾಕೆಟ್ ಪುಡಿ ತಂದೆ. ಮನೆಗೆ ಬಂದು ಓದಿದರೆ ಚಿಕೋರಿ 47 ಪರ್ಸೆಂಟ್! ನಿಯಮದಲ್ಲಿ 49ರ ತನಕ ಸೇರಿಸಬಹುದು, ಬರೆದೂ ಇದ್ದರು, ಮೋಸ ಅನ್ನೋಕಾಗಲ್ಲ. ಮಾವ ಒಂದು ಗುಟುಕು ಕುಡಿದು, ಏನೂ ಹೇಳದೆ ಲೋಟ ಪಕ್ಕಕ್ಕಿಟ್ಟರು. ಈಗ ಕಣ್ಣೆದುರೇ ಹುರಿದು ಬೀಸಿಕೊಡುವ ಸಣ್ಣ ಅಂಗಡಿಯಿಂದ ತರುತ್ತೇವೆ. ಅದಕ್ಕೂ ಬ್ರ್ಯಾಂಡ್ ಇಲ್ಲ ಅಲ್ವಾ! ಆಫರ್ ಪ್ಯಾಕೆಟ್ ಇನ್ನೂ ಅರ್ಧ ಹಾಗೇ ಇದೆ.