ನಾಲ್ಕು ಬೇಸಿಗೆ ಓಡಿದ ಅಗ್ಗದ ಟ್ರೈಲರ್: ಕಯಾಕ್ ಸಾಗಿಸೋಕೆ ಇಷ್ಟು ಸಾಕಾ?

ಕಾರಿನ ನೆತ್ತಿ ಮೇಲೆ 55 ಪೌಂಡಿನ ಕಯಾಕ್ (ಹುಟ್ಟು ಹಾಕೋ ಸಣ್ಣ ದೋಣಿ) ಎತ್ತಿಡೋದು ಬೆಳಿಗ್ಗೆ ಹೊರಡುವಾಗ ಅಷ್ಟೇನೂ ಕಷ್ಟ ಅಲ್ಲ. ಸಂಜೆ, ನಾಲ್ಕು ತಾಸು ಹುಟ್ಟು ಹಾಕಿ, ರಟ್ಟೆ ಸೋತು, ಒದ್ದೆ ಕೈಯಲ್ಲಿ ಮತ್ತೆ ಎತ್ತಬೇಕಲ್ಲ, ಆಗ ಗೊತ್ತಾಗುತ್ತೆ. 2020ರಲ್ಲಿ ನನ್ನ ಹೆಂಡತಿಯ ಭುಜ ಹಿಡಿದುಕೊಂಡಿತು. ಆಮೇಲೆ ನಾನೊಬ್ಬನೇ ಎತ್ತಲು ಹೋಗಿ ಕಾರಿನ ಹಿಂಬಾಗಿಲಿಗೆ ಉದ್ದಕ್ಕೆ ಒಂದು ಗೀರು ಹಾಕಿದೆ. ಮುಂದಿನ ಮೇ ತಿಂಗಳಲ್ಲಿ ಟ್ರೈಲರ್, ಅಂದ್ರೆ ಕಾರಿನ ಹಿಂದೆ ಕಟ್ಟಿ ಎಳೆಯೋ ಗಾಡಿ, ತಗೊಂಡೆವು.

ನಾವಿರೋದು ಮಿಶಿಗನ್‌ನ ನೋವೈ ಹತ್ತಿರ. ಕಯಾಕ್ ಇಳಿಸೋದು ಕೆನ್ಸಿಂಗ್ಟನ್ ಪಾರ್ಕಿನ ಕೆಂಟ್ ಲೇಕ್, ಆನ್ ಆರ್ಬರ್ ಕಡೆಯ ಹ್ಯೂರಾನ್ ನದಿ, ವರ್ಷಕ್ಕೊಮ್ಮೆ ಹ್ಯೂರಾನ್ ಸರೋವರದ ದಡದ ಪೋರ್ಟ್ ಆಸ್ಟಿನ್. ಕಯಾಕ್ ಎರಡು, ತಲಾ 12 ಅಡಿ. ಕಾರು ಹೋಂಡಾ ಸಿಆರ್‌ವಿ, ಎಳೆಯುವ ಮಿತಿ 1,500 ಪೌಂಡ್. ಕಯಾಕ್‌ಗೆಂದೇ ಮಾಡಿದ ಟ್ರೈಲರ್‌ಗಳನ್ನು ನೋಡಿದೆ. ಚೆನ್ನಾಗಿದ್ದವು, ಆದರೆ ಬೆಲೆ ನಮ್ಮ ಎರಡೂ ಕಯಾಕ್ ಸೇರಿಸಿದ್ದಕ್ಕಿಂತ ಜಾಸ್ತಿ. ಗಾಡಿಗಿಂತ ಜತ್ತಿಗೆಗೇ (ನೊಗ ಕಟ್ಟೋ ಪಟ್ಟಿಗೇ) ಖರ್ಚು ಅನ್ನೋ ಹಾಗೆ. ಹಾಗಾಗಿ ಟೂಲ್ಸ್ ಅಂಗಡಿಯ 4 ಅಡಿ ಅಗಲ, 8 ಅಡಿ ಉದ್ದದ, ಮಡಚಿಡಬಹುದಾದ ಟ್ರೈಲರ್ ತಂದೆ. ಆಗ 400 ಡಾಲರ್ ಚಿಲ್ಲರೆ. ಯಾವ ಕಂಪನಿ ಅಂತ ಹೇಳೋದಿಲ್ಲ, ಈ ಥರದ್ದೆಲ್ಲ ಹೆಚ್ಚುಕಮ್ಮಿ ಒಂದೇ.

ಬರೋದು ಎರಡು ಪೆಟ್ಟಿಗೆಯಲ್ಲಿ ಬಿಡಿಬಿಡಿಯಾಗಿ. ಜೋಡಿಸೋಕೆ ಒಂದು ಮಧ್ಯಾಹ್ನ ಸಾಕು ಅಂತ ಕೇಳಿದ್ದೆ. ನನಗೆ ಎರಡು ಪೂರ್ತಿ ದಿನ ಬೇಕಾಯಿತು. ಜೊತೆಗೆ ಬಂದ ಸರ್ಟಿಫಿಕೇಟ್ ಆಫ್ ಆರಿಜಿನ್ ಕಾಗದವನ್ನು ಮಾತ್ರ ಜೋಪಾನ ಮಾಡಿ, ನೋಂದಣಿಗೆ ಅದೇ ಆಧಾರ. ಮಿಶಿಗನ್‌ನಲ್ಲಿ ಟ್ರೈಲರ್ ಪ್ಲೇಟ್‌ಗೆ ಒಂದೇ ಸಲ ದುಡ್ಡು ಕಟ್ಟಿದರೆ ಆಯ್ತು, ವರ್ಷವರ್ಷ ನವೀಕರಣದ ಗೋಳಿಲ್ಲ.

ಮೊದಲ ತಿಂಗಳೇ ಒಂದು ವಿಷಯ ತಲೆಗೆ ಹೋಯಿತು. ಈ ಟ್ರೈಲರ್ ಮಾಡಿರೋದು ಮಣ್ಣು, ಜಲ್ಲಿ, ಹಳೇ ಫ್ರಿಜ್ ಸಾಗಿಸೋಕೆ. ಅದರ ಸ್ಪ್ರಿಂಗ್ ಸಾವಿರ ಪೌಂಡ್ ಮೇಲೆ ಭಾರ ಬಿದ್ದರೆ ಬಾಗುತ್ತೆ. ನಾವು ಹೇರಿದ್ದು 110 ಪೌಂಡ್ ಕಯಾಕ್, ಜೊತೆಗೆ ಲೈಫ್ ಜಾಕೆಟ್ಟು, ಹುಟ್ಟು. ಸ್ಪ್ರಿಂಗಿಗೆ ಏನೂ ಹೇರಿದ ಹಾಗೇ ಇಲ್ಲ. ಚಳಿಗಾಲ ಮುಗಿದ ಮೇಲೆ ನಮ್ಮ ರಸ್ತೆಗಳ ಗುಂಡಿ ಗೊತ್ತಲ್ಲ. ಒಂದೊಂದು ಗುಂಡಿಗೂ ಟ್ರೈಲರ್ ಕುಪ್ಪಳಿಸುತ್ತಿತ್ತು, ಕನ್ನಡಿಯಲ್ಲಿ ಕಯಾಕಿನ ಮೂತಿ ಹಾರಿ ಹಾರಿ ಬೀಳೋದು ಕಾಣುತ್ತಿತ್ತು. ಟ್ರೈಲರ್ ಅಂದ್ರೆ ನಾವೆಲ್ಲ ಗಟ್ಟಿಯದನ್ನೇ ಹುಡುಕುತ್ತೇವೆ, ಆದರೆ ಕಯಾಕಿಗೆ ಬೇಕಾಗಿರೋದು ಮೆತ್ತನೆಯದು, ಉದ್ದನೆಯದು.

ಮೆತ್ತಗೆ ಮಾಡೋಕೆ ಎರಡು ಕೆಲಸ ಮಾಡಿದೆ. ಟೈರಿನ ಪಕ್ಕದಲ್ಲಿ ಗಾಳಿಯ ಒತ್ತಡ ಗರಿಷ್ಠ 60 ಪಿಎಸ್‌ಐ ಅಂತ ಬರೆದಿದೆ. ಅದು ಪೂರ್ತಿ ಭಾರ ಹೇರಿದಾಗಿನ ಲೆಕ್ಕ. ನಾನು 30ಕ್ಕೆ ಇಳಿಸಿದೆ. ಆಮೇಲೆ ಸ್ಪ್ರಿಂಗಿನ ಪಟ್ಟಿಗಳಲ್ಲಿ ಎರಡೂ ಕಡೆ ಒಂದೊಂದು ತೆಗೆಸಿದೆ. ಕುಪ್ಪಳಿಸೋದು ಅರ್ಧಕ್ಕರ್ಧ ಕಮ್ಮಿ ಆಯಿತು. ಹೀಗೆ ಮಾಡಿದ ಮೇಲೆ ಇದರಲ್ಲಿ ಜಲ್ಲಿ ಹೇರೋಕೆ ಹೋಗಬೇಡಿ. ಪಕ್ಕದ ಮನೆಯವರು ಒಂದು ಸಲ ಕೇಳಿದರು, ನಯವಾಗಿ ಇಲ್ಲ ಅಂದೆ.

ಇನ್ನು ಉದ್ದದ ವಿಷಯ. 8 ಅಡಿ ಟ್ರೈಲರ್ ಮೇಲೆ 12 ಅಡಿ ಕಯಾಕ್. ಹಿಂದೆ 4 ಅಡಿಗಿಂತ ಜಾಸ್ತಿ ಚಾಚಿದರೆ ಕೆಂಪು ಬಾವುಟ ಕಟ್ಟಬೇಕು. ಮುಂದಕ್ಕೆ ಎಳೆದರೆ ಕಾರಿನ ಹಿಂಬಾಗಿಲು ತೆರೆಯೋಕೆ ಆಗಲ್ಲ. ಊಟದ ಡಬ್ಬಿ ತೆಗೆಯಬೇಕು ಅಂದ್ರೆ ಹಿಂದಿನ ಸೀಟ್ ಮೇಲಿಂದ ಹತ್ತಿ ಹೋಗಬೇಕು. ಮೊದಲ ಬೇಸಿಗೆ ಪೂರ್ತಿ ಹೀಗೇ ಕಳೆಯಿತು. ಕೊನೆಗೆ ವೆಲ್ಡಿಂಗ್ ಅಂಗಡಿಯಲ್ಲಿ ಟ್ರೈಲರಿನ ಮೂತಿಗೆ, ಅಂದ್ರೆ ಕಾರಿಗೆ ಸಿಕ್ಕಿಸೋ ಮುಂದಿನ ಕೊಳವೆಯ ಜಾಗಕ್ಕೆ, ಮೂಲದ್ದಕ್ಕಿಂತ 3 ಅಡಿ ಹೆಚ್ಚು ಉದ್ದದ, ದಪ್ಪ ಗೋಡೆಯ ಉಕ್ಕಿನ ಕೊಳವೆ ಹಾಕಿಸಿದೆ. ಮೂಲದ ಕೊಳವೆಗೇ ತುಂಡು ಬೆಸೆಯಬೇಡಿ, ಅದು ತೆಳು. 180 ಡಾಲರ್ ಆಯಿತು. ಈ ಟ್ರೈಲರ್ ಮೇಲೆ ನಾನು ಹಾಕಿದ ದುಡ್ಡಿನಲ್ಲಿ ಅತಿ ಸಾರ್ಥಕ ಅಂದ್ರೆ ಇದೇ. ರಿವರ್ಸ್ ತೆಗೆಯೋದೂ ಸುಲಭವಾಯಿತು, ಯಾಕಂದ್ರೆ ಮೂತಿ ಗಿಡ್ಡ ಇದ್ದಷ್ಟೂ ಟ್ರೈಲರ್ ಥಟ್ಟನೆ ಅಡ್ಡ ತಿರುಗುತ್ತೆ. ಆದರೂ ಟ್ರೈಲರ್ ಖಾಲಿ ಇದ್ದಾಗ ಕಾರಿನ ಹಿಂದಿನ ಕ್ಯಾಮೆರಾದಲ್ಲೂ ಸರಿಯಾಗಿ ಕಾಣಲ್ಲ. ತೀರಾ ಇಕ್ಕಟ್ಟಾದರೆ ನಾನು ಕೊಂಡಿ ಬಿಚ್ಚಿ ಕೈಯಲ್ಲೇ ತಳ್ಳುತ್ತೇನೆ. ನಾಚಿಕೆ ಏನಿಲ್ಲ.

ಮೂತಿ ಉದ್ದ ಮಾಡಿದ ಮೇಲೆ ಒಂದು ಎಡವಟ್ಟು ಮಾಡಿದೆ. ಭಾರ ಎಲ್ಲ ಹಿಂದಕ್ಕೆ ಹೋಗಿತ್ತು, ನಾನು ಗಮನಿಸಲಿಲ್ಲ. 60 ಮೈಲಿ ವೇಗದಲ್ಲಿ ಹಿಂದಿನಿಂದ ಯಾರೋ ಬಾಲ ಹಿಡಿದು ಅಲ್ಲಾಡಿಸಿದ ಹಾಗೆ ಕಾರು ತೂಗಾಡೋಕೆ ಶುರುವಾಯಿತು. ಬ್ರೇಕ್ ಒತ್ತದೆ ಆಕ್ಸಿಲರೇಟರ್ ಬಿಟ್ಟು ನಿಧಾನ ಮಾಡಿದೆ, ಬಚಾವಾದೆ. ತೀರ್ಥಹಳ್ಳಿ ಕಡೆ ಅಜ್ಜ ಗಾಡಿಗೆ ಹುಲ್ಲು ಹೇರುವಾಗ ಮೂಕಿ ಎತ್ತಿ ಎತ್ತಿ ನೋಡುತ್ತಿದ್ದರು. ಮುಂಭಾರ ಆದ್ರೆ ಎತ್ತಿನ ಹೆಗಲಿಗೆ ಪೆಟ್ಟು, ಹಿಂಭಾರ ಆದ್ರೆ ನೊಗವೇ ಮೇಲೇಳುತ್ತೆ. ಇಲ್ಲೂ ಅದೇ ಲೆಕ್ಕ. ಒಟ್ಟು ತೂಕದಲ್ಲಿ 10ರಿಂದ 15 ಪರ್ಸೆಂಟ್ ಕೊಂಡಿಯ ಮೇಲೆ ಕೂರಬೇಕು. ನಮ್ಮದು ಎಲ್ಲ ಸೇರಿ ಸುಮಾರು 450 ಪೌಂಡ್. ಬಚ್ಚಲುಮನೆಯ ತೂಕದ ಯಂತ್ರದ ಮೇಲೆ ಮೂತಿ ಇಟ್ಟು ನೋಡಿದರೆ ಬರೀ 20 ತೋರಿಸಿತು! ಕಯಾಕುಗಳನ್ನು ಒಂದಡಿ ಮುಂದೆ ಸರಿಸಿ, ಸ್ಪೇರ್ ಚಕ್ರವನ್ನು ಮೂತಿಗೆ ಬಿಗಿದೆ. ಈಗ 55. ಆಮೇಲೆ ತೂಗಾಡಿಲ್ಲ.

ದೀಪದ ಕಥೆ ಬೇರೆಯೇ. 2022ರಲ್ಲಿ ಪೋರ್ಟ್ ಆಸ್ಟಿನ್‌ಗೆ ಹೋಗಿದ್ದೆವು. ಅಲ್ಲಿನ ಟರ್ನಿಪ್ ರಾಕ್ ಅನ್ನೋ ಬಂಡೆ ನೋಡಬೇಕು ಅಂದ್ರೆ ನೀರಿನ ಮೇಲೇ ಹೋಗಬೇಕು, ದಡದ ಜಾಗ ಖಾಸಗಿಯವರದ್ದು. ಹೋಗಿ ಬರೋದು ಸೇರಿ ಸುಮಾರು 7 ಮೈಲಿ ಹುಟ್ಟು. ವಾಪಸ್ ಬರುವಾಗ ಕತ್ತಲಾಗಿತ್ತು. ಹಿಂದಿನ ಕಾರಿನಲ್ಲಿದ್ದ ಗೆಳೆಯ ಫೋನ್ ಮಾಡಿದ: "ಮಾರಾಯಾ, ನೀನು ಬಲಕ್ಕೆ ಇಂಡಿಕೇಟರ್ ಹಾಕಿದ್ರೆ ಎಲ್ಲಾ ದೀಪ ಸೀರಿಯಲ್ ಸೆಟ್ ಥರ ಮಿಣುಕ್ತಿದೆ!" ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ, ಮೊಬೈಲ್ ಟಾರ್ಚ್ ಹಿಡಿದು ನೋಡಿದೆ. ಬಿಳಿ ವೈರ್ ಅಂದ್ರೆ ಗ್ರೌಂಡ್. ಅದನ್ನು ಕಟ್ಟಿದ್ದು ಪೇಂಟ್ ಬಳಿದ ಚೌಕಟ್ಟಿನ ಮೇಲೆ. ಪೇಂಟಿನ ಮೇಲೆ ಕರೆಂಟ್ ಹೇಗೆ ಹರಿಯಬೇಕು ಹೇಳಿ? ಕಾರಿನ ಕೀಲಿಯಿಂದ ಅಲ್ಲೇ ಕೆರೆದು, ಲೋಹ ಹೊಳೆಯೋ ತನಕ ಉಜ್ಜಿ, ಬೋಲ್ಟ್ ಬಿಗಿದೆ. ದೀಪ ಸರಿಹೋಯಿತು. ಮನೆಗೆ ಬಂದ ಮೇಲೆ ಚೌಕಟ್ಟನ್ನು ನಂಬದೆ ಪ್ರತಿ ದೀಪಕ್ಕೂ ಬೇರೆ ಬಿಳಿ ವೈರ್ ಎಳೆದೆ. ವೈರನ್ನು ಕಚ್ಚಿ ಹಿಡಿಯುವ ಪ್ಲಾಸ್ಟಿಕ್ ಕ್ಲಿಪ್‌ಗಳು ಪೆಟ್ಟಿಗೆಯಲ್ಲಿ ಬಂದಿರುತ್ತವೆ. ಅವನ್ನು ಕಸಕ್ಕೆ ಹಾಕಿ, ಬೆಸುಗೆ ಹಾಕಿಬಿಡಿ.

ಕಟ್ಟೋಕೆ ಬಕಲ್ ಇರೋ ಸಾದಾ ಪಟ್ಟಿ ಸಾಕು. ಹಿಡಿ ಆಡಿಸಿ ಬಿಗಿಯೋ ರ‍್ಯಾಚೆಟ್ ಪಟ್ಟಿ ಬೇಡ. ಜುಲೈ ಬಿಸಿಲಲ್ಲಿ ನಾನು ರ‍್ಯಾಚೆಟ್ ಎಳೆದು ಬಿಗಿದು, ಕಯಾಕಿನ ಹೊಟ್ಟೆ ಒಳಕ್ಕೆ ಕುಸಿದಿತ್ತು. ಎರಡು ದಿನ ಬಿಸಿಲಲ್ಲಿ ಮಗುಚಿ ಹಾಕಿದ ಮೇಲೆ ತಾನೇ ಉಬ್ಬಿತು, ಆದರೂ ಗುರುತು ಉಳಿಯಿತು. ಪಟ್ಟಿಯನ್ನು ಒಂದು ಸುತ್ತು ತಿರುಚಿ ಕಟ್ಟಿದರೆ ಗಾಳಿಗೆ ಗುಂಯ್ ಅನ್ನೋದಿಲ್ಲ.

ಮಡಚಿಡೋ ಸೌಲಭ್ಯದ ಬಗ್ಗೆ ಎಲ್ಲರೂ ಕೇಳ್ತಾರೆ. ನಮ್ಮ ಬಡಾವಣೆಯ ಸಂಘ ಟ್ರೈಲರ್ ಹೊರಗೆ ನಿಲ್ಲಿಸೋಕೆ ಬಿಡಲ್ಲ. ಒಂದು ಸಲ ಪತ್ರವೂ ಬಂತು. ನವೆಂಬರಿನಲ್ಲಿ ಕಯಾಕ್ ಕೂರಿಸೋ ಮರದ ಅಡ್ಡಪಟ್ಟಿಗಳನ್ನೂ ಉದ್ದದ ಮೂತಿಯನ್ನೂ ಬಿಚ್ಚಿ, ಮಡಚಿ, ಗ್ಯಾರೇಜಿನ ಗೋಡೆಗೆ ನಿಲ್ಲಿಸುತ್ತೇನೆ. ಒಂದು ಗಂಟೆ ಕೆಲಸ. ವಾರವಾರ ಮಡಚಿಡಬಹುದು ಅಂತ ಮಾತ್ರ ಅಂದುಕೊಳ್ಳಬೇಡಿ. ಬೇಸಿಗೆಯಲ್ಲಿ ಟ್ರೈಲರ್ ಒಳಗೆ, ಕಾರು ಹೊರಗೆ.

8 ಇಂಚಿನ ಚಕ್ರದ್ದು ಇನ್ನೂ ಅಗ್ಗಕ್ಕೆ ಸಿಗುತ್ತೆ. ಹೈವೇಗೆ ಹೋಗೋರು 12 ಇಂಚಿನದ್ದೇ ತಗೊಳ್ಳಿ. ಸಣ್ಣ ಚಕ್ರ ಅಷ್ಟೇ ದೂರಕ್ಕೆ ಜಾಸ್ತಿ ಸಲ ಸುತ್ತಬೇಕು, ಬೇರಿಂಗ್ ಬೇಗ ಬಿಸಿಯಾಗುತ್ತೆ. ಬಿಸಿ ಬೇರಿಂಗನ್ನು ತಣ್ಣನೆ ನೀರಿಗೆ ಇಳಿಸಿದರೆ ಒಳಕ್ಕೆ ನೀರು ಎಳೆದುಕೊಳ್ಳುತ್ತೆ. ಕಯಾಕ್ ಹೇಗೂ ಕೈಯಲ್ಲಿ ಹೊರಬಹುದು, ಟ್ರೈಲರನ್ನು ನೀರಿಗೆ ಇಳಿಸೋ ಗೋಜೇ ಬೇಡ. ಕಾರಿನ ಕಡೆ ಕೊಂಡಿ ಕೂರುವ ಗುಂಡಿನ ಅಳತೆಯನ್ನೂ ನೋಡಿಕೊಳ್ಳಿ. 2 ಇಂಚಿನ ಕೊಂಡಿ ಒಂದೂ ಮುಕ್ಕಾಲು ಚಿಲ್ಲರೆಯ ಸಣ್ಣ ಗುಂಡಿನ ಮೇಲೆ ಕೂತ ಹಾಗೆ ಕಾಣುತ್ತೆ, ರಸ್ತೆ ಗುಂಡಿಯಲ್ಲಿ ಎಗರಿದಾಗ ಕಳಚಿಕೊಳ್ಳುತ್ತೆ.

ಹಿಚ್ (ಟ್ರೈಲರ್ ಸಿಕ್ಕಿಸೋಕೆ ಕಾರಿಗೆ ಹಾಕೋ ಭಾಗ), ಮೂತಿ, ಅಡ್ಡಪಟ್ಟಿ, ವೈರ್ ಎಲ್ಲ ಸೇರಿ ನನಗೆ ಬಿದ್ದದ್ದು 950 ಡಾಲರ್. ಕೈಯಲ್ಲಿ ಸ್ಪ್ಯಾನರ್ ಹಿಡಿಯೋಕೆ ಬೇಜಾರು ಅನ್ನೋರು ಸುಮ್ನೆ ಹಳೇ ಕಯಾಕ್ ಟ್ರೈಲರ್ ಹುಡುಕಿ, ಅದೇ ವಾಸಿ. ನನಗೆ ಈ ರಿಪೇರಿ ಕೆಲಸವೇ ಅರ್ಧ ಮಜಾ, ಹೆಂಡತಿಗೆ ಅಲ್ಲ. ಐದಕ್ಕೆ ಮೂರೂವರೆ ಕೊಡ್ತೀನಿ. ಕಳೆದ ವಾರ ಟಾರ್ಪಾಲ್ ಸರಿಸಿ ನೋಡಿದೆ. ಹಿಮ ಕರಗಿಸೋಕೆ ರಸ್ತೆಗೆ ಹಾಕೋ ಉಪ್ಪಿಗೆ ಬೋಲ್ಟ್‌ಗಳು ಕಂದಾಗಿವೆ, ಎಡ ಟೈರಿನ ಪಕ್ಕದಲ್ಲಿ ಕೂದಲೆಳೆಯಷ್ಟು ಬಿರುಕು. ಏಪ್ರಿಲ್‌ನಲ್ಲಿ ಎರಡೂ ಟೈರ್ ಬದಲಾಯಿಸಬೇಕು.